ಎದೆನೋವು: ‘ಗ್ಯಾಸ್’ ಎಂದು ತೀರ್ಮಾನಿಸುವ ಮೊದಲು

(ಟ್ರಸ್ಟ್‌ನ ವಾರ್ಷಿಕ ಮಹಾಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಕಾರ್ಯಕ್ರಮದಲ್ಲಿ ದಕ್ಷಿಣ ಕನ್ನಡದ ತಾಲೂಕು ಆಸ್ಪತ್ರೆಯೊಂದರ ವೈದ್ಯರು ಮಾಡಿದ ಆರೋಗ್ಯ ಉಪನ್ಯಾಸದ ಬರಹರೂಪ. ಸಭೆಗೆ ಬರಲಾಗದ ದಾನಿಗಳಿಗೂ ಪೋಷಕರಿಗೂ ತಲುಪಲೆಂದು ಇಲ್ಲಿ ಪ್ರಕಟಿಸುತ್ತಿದ್ದೇವೆ.)



ಮಾನ್ಯ ಅಧ್ಯಕ್ಷರೇ, ಪದಾಧಿಕಾರಿಗಳೇ, ಉಸ್ತಾದರೇ, ದೂರದ ಊರುಗಳಿಂದ ಬಂದಿರುವ ದಾನಿಗಳೇ, ಮಕ್ಕಳ ಜೊತೆ ಬಂದಿರುವ ತಾಯಂದಿರೇ, ತಂದೆಯಂದಿರೇ, ಇಂದು ವಿದ್ಯಾರ್ಥಿವೇತನ ಪಡೆಯಲಿರುವ ಪ್ರೀತಿಯ ಮಕ್ಕಳೇ,

ಚೆಕ್ ವಿತರಣೆಗೆ ಮೊದಲು ಅರ್ಧ ಗಂಟೆ ಆರೋಗ್ಯದ ಬಗ್ಗೆ ಏನಾದರೂ ಹೇಳಿ ಎಂದು ಕಾರ್ಯದರ್ಶಿಗಳು ಕೇಳಿದರು. ವಿಷಯ ನೀವೇ ಆರಿಸಿಕೊಳ್ಳಿ ಎಂದರು. ನಾನು ಎದೆನೋವನ್ನು ಆರಿಸಿಕೊಂಡೆ. ವಿದ್ಯಾರ್ಥಿವೇತನದ ಸಭೆಯಲ್ಲಿ ಎದೆನೋವಿನ ಮಾತು ಯಾಕೆ ಎಂದು ನಿಮಗೆ ಅನ್ನಿಸಬಹುದು. ಒಬ್ಬ ತಂದೆಯ ಕಥೆ ಹೇಳುತ್ತೇನೆ, ಆಗ ಕಾರಣ ತಿಳಿಯುತ್ತದೆ. ಅವರ ಹೆಸರನ್ನಾಗಲಿ ಊರನ್ನಾಗಲಿ ಹೇಳುವುದಿಲ್ಲ.

ಅವರು ದಕ್ಕೆಯಲ್ಲಿ ಮೀನಿನ ಬುಟ್ಟಿ ಹೊರುವ ಕೆಲಸದವರು. ವಯಸ್ಸು 47. ಒಂದು ರಾತ್ರಿ ಒಂದೂವರೆ ಗಂಟೆಗೆ ಎದೆಯ ನಡುವೆ ಕಲ್ಲು ಹೇರಿದಂತಾಗಿ ಎಚ್ಚರವಾಯಿತು. ಬೆವರಿನಿಂದ ಬನಿಯನ್ ಒದ್ದೆ. ಹೆಂಡತಿ ಜೀರಿಗೆ ಕಷಾಯ ಮಾಡಿಕೊಟ್ಟರು. ವಾಂತಿಯಾಯಿತು. ವಾಂತಿಯಾದ ಮೇಲೆ ಸ್ವಲ್ಪ ಹಗುರ ಅನ್ನಿಸಿತು. ‘ಗ್ಯಾಸ್ಟ್ರಿಕ್ಕೇ, ಹೋಯಿತು’ ಎಂದು ಮಲಗಿದರು. ಮತ್ತೆ ಬಂತು. ಸೋಡಾ ಕುಡಿದರು. ಕಪಾಟಿನಲ್ಲಿ 18 ಸಾವಿರ ರೂಪಾಯಿ ಇತ್ತು. ಮಗಳ ನರ್ಸಿಂಗ್ ಕಾಲೇಜಿನ ಫೀಸು, ಕಟ್ಟಲು ಮಾರನೆಯ ದಿನವೇ ಕೊನೆ. ಆಸ್ಪತ್ರೆಗೆ ಹೋದರೆ ಆ ದುಡ್ಡಿಗೆ ಕೈ ಹಾಕಬೇಕಾಗುತ್ತದೆ, ಬೆಳಗಾಗಲಿ, ಫೀಸು ಕಟ್ಟಿ ಬಂದಮೇಲೆ ನೋಡೋಣ ಎಂದು ಕುಳಿತರು. ನಮ್ಮ ಆಸ್ಪತ್ರೆಗೆ ಬಂದಾಗ ಬೆಳಿಗ್ಗೆ ಹತ್ತೂವರೆ. ಒಂಬತ್ತು ಗಂಟೆ ಕಳೆದಿತ್ತು.

ಅಲ್‌ಹಮ್ದುಲಿಲ್ಲಾಹ್, ಅವರು ಬದುಕಿದರು. ಮಂಗಳೂರಿಗೆ ಕಳಿಸಿದೆವು, ಅಲ್ಲಿ ಸ್ಟೆಂಟ್ ಹಾಕಿದರು. ಆದರೆ ಅಷ್ಟು ಹೊತ್ತಿಗೆ ಹೃದಯದ ಮಾಂಸಖಂಡದ ದೊಡ್ಡ ಭಾಗ ಸತ್ತುಹೋಗಿತ್ತು. ಹೃದಯ ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಎಷ್ಟು ಪಾಲನ್ನು ಹೊರಗೆ ತಳ್ಳುತ್ತದೆ ಎಂದು ಎಕೋ ಪರೀಕ್ಷೆಯಲ್ಲಿ ಅಳೆಯುತ್ತೇವೆ. ಆರೋಗ್ಯವಂತರಲ್ಲಿ ಅದು ಶೇಕಡ 55ಕ್ಕಿಂತ ಹೆಚ್ಚಿರುತ್ತದೆ. ಇವರದ್ದು 30ಕ್ಕೆ ಇಳಿದಿತ್ತು. ಇನ್ನು ಅವರು ಬುಟ್ಟಿ ಹೊರುವಂತಿಲ್ಲ. ಮಗಳು ಓದುತ್ತಿದ್ದಾಳೆ, ಆದರೆ ಅವಳ ಅಣ್ಣ ಐಟಿಐ ಅರ್ಧದಲ್ಲೇ ಬಿಟ್ಟು ಅಂಗಡಿಯಲ್ಲಿ ನಿಂತಿದ್ದಾನೆ. ಅವರ ಬಳಿ ಬಿಪಿಎಲ್ ಕಾರ್ಡ್ ಇತ್ತು. ಚಿಕಿತ್ಸೆಯ ಖರ್ಚು ಸರ್ಕಾರದ ಯೋಜನೆಯಲ್ಲಿ ಹೋಯಿತು. ಯಾವ 18 ಸಾವಿರವನ್ನು ಉಳಿಸಲು ಆ ತಂದೆ ರಾತ್ರಿಯಿಡೀ ನೋವು ನುಂಗಿದರೋ, ಆ ಹಣಕ್ಕೆ ಕೈ ಹಾಕುವ ಅಗತ್ಯವೇ ಇರಲಿಲ್ಲ.

ಇಂದು ಇಲ್ಲಿ ಕುಳಿತಿರುವ ಪೋಷಕರಲ್ಲಿ ಹೀಗೆ ಯೋಚಿಸುವವರು ಎಷ್ಟು ಮಂದಿ ಇದ್ದೀರಿ ಎಂದು ನಾನು ಕೇಳುವುದಿಲ್ಲ. ಎಲ್ಲರೂ ಹೀಗೆಯೇ ಯೋಚಿಸುತ್ತೇವೆ. ನನ್ನ ತಂದೆಯೂ ಹೀಗೆಯೇ ಯೋಚಿಸುತ್ತಿದ್ದರು.

ಎರಡು ಬಗೆಯ ತಪ್ಪು

ಎದೆನೋವಿನ ವಿಷಯದಲ್ಲಿ ನಾವು ಎರಡು ತಪ್ಪು ಮಾಡುತ್ತೇವೆ. ಅಪಾಯದ ನೋವನ್ನು ಗ್ಯಾಸ್ ಎಂದು ತಳ್ಳಿಹಾಕುವುದು ಒಂದು. ಸಣ್ಣ ಚುಚ್ಚುವಿಕೆಗೂ ಹೆದರಿ ನಿದ್ದೆಗೆಡುವುದು ಇನ್ನೊಂದು.

2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಸಾಲಾಗಿ ಬಂದದ್ದು ನಿಮಗೆ ನೆನಪಿರಬಹುದು. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಜನ ಗಾಬರಿಯಾಗಿ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿ ನಿಂತರು. ಸರ್ಕಾರ ತಜ್ಞರ ಸಮಿತಿಯನ್ನು ನೇಮಿಸಿತು. ಅಸಹಜವಾದ ಏರಿಕೆ ಕಾಣುತ್ತಿಲ್ಲ ಎಂದು ಸಮಿತಿ ಹೇಳಿತು. ಸಾವುಗಳ ಹಿಂದೆ ಅದು ಕಂಡದ್ದು ನಮಗೆಲ್ಲ ಗೊತ್ತಿರುವ ಕಾರಣಗಳನ್ನೇ: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ. ಹೆದರಿಕೆಯಿಂದ ಸಾಲು ನಿಂತವರಲ್ಲಿ ಹೆಚ್ಚಿನವರಿಗೆ ಆಸ್ಪತ್ರೆಯ ಅಗತ್ಯ ಇರಲಿಲ್ಲ. ಅಗತ್ಯ ಇದ್ದ ಎಷ್ಟೋ ಮಂದಿ ಮನೆಯಲ್ಲೇ ಸೋಡಾ ಕುಡಿದು ಮಲಗಿರುತ್ತಾರೆ. ಯಾವ ನೋವಿಗೆ ಓಡಬೇಕು, ಯಾವುದಕ್ಕೆ ನಿಧಾನವಾಗಿ ವೈದ್ಯರ ಬಳಿ ಹೋದರೆ ಸಾಕು ಎಂಬ ತಿಳಿವಳಿಕೆ ಬಂದರೆ ಎರಡೂ ತಪ್ಪು ಕಡಿಮೆಯಾಗುತ್ತವೆ.

ಎದೆ ಎಂದರೆ ಹೃದಯ ಮಾತ್ರವಲ್ಲ. ಅಲ್ಲಿ ಶ್ವಾಸಕೋಶ ಇದೆ, ಅನ್ನನಾಳ ಇದೆ, ದೊಡ್ಡ ರಕ್ತನಾಳ ಇದೆ, ಪಕ್ಕೆಲುಬು, ಮಾಂಸಖಂಡ, ನರ, ಚರ್ಮ ಇವೆ. ಕೆಳಗೆ ಜಠರ, ಪಿತ್ತಕೋಶ ಇವೆ. ಇವುಗಳಲ್ಲಿ ಯಾವುದಕ್ಕೆ ತೊಂದರೆಯಾದರೂ ನಾವು ‘ಎದೆನೋವು’ ಎಂದೇ ಹೇಳುತ್ತೇವೆ. ಊರಿನ ಸಣ್ಣ ಕ್ಲಿನಿಕ್ಕಿಗೆ ಬರುವ ಎದೆನೋವುಗಳಲ್ಲಿ ಹೆಚ್ಚಿನವು ಹೃದಯದ್ದಲ್ಲ. ಇದು ಸಮಾಧಾನದ ಮಾತು. ಆದರೆ ಹೃದಯದ್ದಾಗಿದ್ದರೆ ಕಾಯಲು ಸಮಯವಿಲ್ಲ. ಹಾಗಾಗಿ ಮೊದಲು ಅದನ್ನೇ ನೋಡೋಣ.

ಹೃದಯದ ನೋವು

ಹೃದಯವು ಇಡೀ ದೇಹಕ್ಕೆ ರಕ್ತ ಕಳಿಸುವ ಮಾಂಸಖಂಡ. ಅದಕ್ಕೂ ರಕ್ತ ಬೇಕು. ಅದನ್ನು ಕೊಡುವುದು ಮೂರು ಮುಖ್ಯ ರಕ್ತನಾಳಗಳು. ವರ್ಷಾನುಗಟ್ಟಲೆ ಒಳಗೆ ಕೊಬ್ಬು ಸೇರಿ ನಾಳ ಕಿರಿದಾದರೆ ವಿಶ್ರಾಂತಿಯಲ್ಲಿ ತೊಂದರೆ ಗೊತ್ತಾಗುವುದಿಲ್ಲ. ಗುಡ್ಡ ಹತ್ತುವಾಗ, ಭಾರ ಎತ್ತುವಾಗ, ಊಟ ಮಾಡಿ ಬೇಗ ನಡೆಯುವಾಗ ಎದೆ ಹಿಡಿದಂತಾಗುತ್ತದೆ. ನಿಂತರೆ ಐದು ನಿಮಿಷದಲ್ಲಿ ಹೋಗುತ್ತದೆ. ಇದನ್ನು ಆಂಜೈನಾ ಎನ್ನುತ್ತೇವೆ. ಮಸೀದಿಯ ಮೆಟ್ಟಿಲು ಹತ್ತುವಾಗ ಹಿಡಿದು, ಸಫ್‌ನಲ್ಲಿ ಕುಳಿತಾಗ ಬಿಡುವ ನೋವು ಇದ್ದರೆ ಅದು ವಯಸ್ಸಿನ ಸುಸ್ತು ಎಂದು ಬಿಡಬೇಡಿ. ಅದೇ ವಾರ ವೈದ್ಯರಿಗೆ ತೋರಿಸಿ. ಆ ನೋವು ಹೊಸದಾಗಿ ಶುರುವಾಗಿದ್ದರೆ, ದಿನೇದಿನೇ ಹೆಚ್ಚುತ್ತಿದ್ದರೆ, ಕುಳಿತಿರುವಾಗಲೂ ಬರುತ್ತಿದ್ದರೆ ಅದೇ ದಿನ ಹೋಗಿ.

ಕಿರಿದಾದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋದರೆ ಅದು ಹೃದಯಾಘಾತ. ರಕ್ತ ಪೂರ್ತಿ ನಿಂತ ಅರ್ಧ ಗಂಟೆಯ ಒಳಗೆ ಮಾಂಸಖಂಡ ಸಾಯಲು ಶುರುವಾಗುತ್ತದೆ. ಕೆಲವೇ ಗಂಟೆಗಳಲ್ಲಿ ಆ ಭಾಗದ ಬಹುಪಾಲು ಹೋಗಿಬಿಡುತ್ತದೆ. ಸತ್ತ ಮಾಂಸಖಂಡ ಮತ್ತೆ ಬೆಳೆಯುವುದಿಲ್ಲ, ಅಲ್ಲಿ ಬರೀ ಕಲೆ ಉಳಿಯುತ್ತದೆ.

ಹೃದಯಾಘಾತದ ನೋವನ್ನು ರೋಗಿಗಳು ನನಗೆ ಹೇಳುವ ರೀತಿ ಹೀಗೆ: ‘ಯಾರೋ ಎದೆಯ ಮೇಲೆ ಕುಳಿತ ಹಾಗೆ’, ‘ಹಗ್ಗ ಬಿಗಿದ ಹಾಗೆ’, ‘ಒಳಗೆ ಬೆಂಕಿ ಇಟ್ಟ ಹಾಗೆ’. ಬೆರಳಿನಿಂದ ಒಂದು ಜಾಗ ತೋರಿಸುವುದಿಲ್ಲ, ಇಡೀ ಅಂಗೈಯನ್ನು ಅಥವಾ ಮುಷ್ಟಿಯನ್ನು ಎದೆಯ ನಡುವೆ ಇಡುತ್ತಾರೆ. ನೋವು ಎಡಗೈಗೆ, ಕೆಲವೊಮ್ಮೆ ಎರಡೂ ಕೈಗಳಿಗೆ, ಭುಜಕ್ಕೆ, ಕುತ್ತಿಗೆಗೆ, ದವಡೆಗೆ, ಬೆನ್ನಿಗೆ, ಹೊಟ್ಟೆಯ ಮೇಲ್ಭಾಗಕ್ಕೆ ಹರಡಬಹುದು. ಜೊತೆಗೆ ತಣ್ಣನೆಯ ಬೆವರು, ವಾಂತಿ, ಉಸಿರಾಟಕ್ಕೆ ಕಷ್ಟ, ತಲೆ ಸುತ್ತು. ಈ ನೋವು ಒಂದೆರಡು ಸೆಕೆಂಡಿನಲ್ಲಿ ಮಿಂಚಿ ಹೋಗುವುದಿಲ್ಲ. ಹದಿನೈದು, ಇಪ್ಪತ್ತು ನಿಮಿಷ ದಾಟಿಯೂ ನಿಲ್ಲುತ್ತದೆ, ಅಥವಾ ಬಿಟ್ಟು ಬಿಟ್ಟು ಬರುತ್ತದೆ.

ಎಲ್ಲರಿಗೂ ಹೀಗೆಯೇ ಬರುತ್ತದೆ ಎಂದುಕೊಳ್ಳಬೇಡಿ. ಸಕ್ಕರೆ ಕಾಯಿಲೆ ಇರುವವರಿಗೆ, ವಯಸ್ಸಾದವರಿಗೆ, ಹೆಂಗಸರಿಗೆ ಎದೆನೋವೇ ಇಲ್ಲದೆ ಹೃದಯಾಘಾತ ಆಗಬಹುದು. ಏದುಸಿರು, ಕಾರಣವಿಲ್ಲದ ಬೆವರು, ದವಡೆ ನೋವು, ವಿಪರೀತ ಸುಸ್ತು ಇಷ್ಟೇ ಇರಬಹುದು. ನಮ್ಮ ಮನೆಗಳ ತಾಯಂದಿರು ಇಲ್ಲಿಯೇ ಹೊತ್ತು ಕಳೆಯುತ್ತಾರೆ. ಮನೆಯಲ್ಲಿ ಗಂಡಸರಿಲ್ಲ, ಮಗ ಜುಬೈಲಿನಲ್ಲಿದ್ದಾನೆ, ಅವನು ಎದ್ದ ಮೇಲೆ ಫೋನ್ ಮಾಡಿ ಕೇಳಿ ಹೋಗೋಣ ಎಂದು ಕಾಯುತ್ತಾರೆ. ಅಲ್ಲಿ ಬೆಳಗಾಗುವಾಗ ನಮಗೆ ಎರಡೂವರೆ ಗಂಟೆ ಹೆಚ್ಚೇ ಕಳೆದಿರುತ್ತದೆ. ಉಮ್ಮಂದಿರೇ, ಮೊದಲು ಆಸ್ಪತ್ರೆಗೆ ಹೊರಡಿ, ಮಗನಿಗೆ ದಾರಿಯಲ್ಲಿ ಫೋನ್ ಮಾಡಿ. ಗಲ್ಫ್‌ನಲ್ಲಿರುವ ಮಕ್ಕಳೇ, ಇದನ್ನು ನಿಮ್ಮ ತಾಯಿಗೆ ಇಂದೇ ಹೇಳಿಬಿಡಿ. ನಿಮ್ಮ ಅನುಮತಿ ಮೊದಲೇ ಸಿಕ್ಕಿದೆ ಎಂದು ಅವರಿಗೆ ಗೊತ್ತಿರಲಿ.

ಚಿಕ್ಕ ವಯಸ್ಸು ಎಂಬ ಧೈರ್ಯವೂ ಬೇಡ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ ಮತ್ತು ಅದರ ಮುಂದಿನ ವಿಶ್ಲೇಷಣೆಯಲ್ಲಿ, ನಮ್ಮ ಭಾಗದ ಜನರಿಗೆ ಮೊದಲ ಹೃದಯಾಘಾತ ಬೇರೆ ದೇಶದವರಿಗಿಂತ ಸುಮಾರು ಐದಾರು ವರ್ಷ ಮೊದಲೇ ಆಗುತ್ತದೆ ಎಂದು ಕಂಡುಬಂತು.

ಓಡಲೇಬೇಕಾದ ಇನ್ನು ಮೂರು

ಹೃದಯಾಘಾತದಷ್ಟೇ ತುರ್ತಿನ ಇನ್ನೂ ಮೂರು ಕಾರಣಗಳಿವೆ. ಇವು ಅಪರೂಪ, ಆದರೂ ತಿಳಿದಿರಲಿ.

ಮೊದಲನೆಯದು, ಹೃದಯದಿಂದ ಹೊರಡುವ ಮಹಾಧಮನಿಯ ಒಳಪದರ ಸೀಳುವುದು. ರಕ್ತದೊತ್ತಡವನ್ನು ಹಿಡಿತದಲ್ಲಿ ಇಟ್ಟುಕೊಳ್ಳದವರಲ್ಲಿ ಹೆಚ್ಚು. ಬಟ್ಟೆ ಹರಿದಂತೆ ಒಮ್ಮೆಲೇ ಬರುವ ಭಯಂಕರ ನೋವು, ಬೆನ್ನಿನ ಕಡೆಗೆ ಹೋಗುತ್ತದೆ.

ಎರಡನೆಯದು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದು. ಆಪರೇಷನ್ ಆದವರು, ಹೆರಿಗೆಯಾದ ತಾಯಂದಿರು, ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡವರು, ದೀರ್ಘ ಪ್ರಯಾಣ ಮಾಡಿ ಬಂದವರು ಎಚ್ಚರವಿರಬೇಕು. ಒಂದು ಕಾಲು ಊದಿಕೊಂಡು, ಇದ್ದಕ್ಕಿದ್ದಂತೆ ಏದುಸಿರು ಬಂದು, ಉಸಿರೆಳೆದಾಗ ಎದೆ ಚುಚ್ಚಿದರೆ ತಡಮಾಡಬೇಡಿ.

ಮೂರನೆಯದು, ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿಕೊಳ್ಳುವುದು. ಉದ್ದಕ್ಕೆ, ತೆಳ್ಳಗೆ ಬೆಳೆದ ಹುಡುಗರಲ್ಲಿ, ಅದರಲ್ಲೂ ಬೀಡಿ ಸಿಗರೇಟು ಸೇದುವವರಲ್ಲಿ ಆರೋಗ್ಯವಾಗಿರುವಾಗಲೇ ಇದು ಆಗಬಹುದು. ಒಂದು ಬದಿಯಲ್ಲಿ ಚುಚ್ಚು ನೋವು, ಉಸಿರಾಟಕ್ಕೆ ಕಷ್ಟ.

ಅಷ್ಟು ಅಪಾಯವಲ್ಲದವು

ಈಗ ಹೆಚ್ಚಾಗಿ ಕಾಣುವ, ಅಷ್ಟು ಹೆದರಬೇಕಿಲ್ಲದ ಕಾರಣಗಳಿಗೆ ಬರೋಣ.

ಆಮ್ಲ ಮೇಲೆ ಬರುವುದು. ನಾವು ಗ್ಯಾಸ್ ಎಂದು ಕರೆಯುವುದು ಬಹುತೇಕ ಇದನ್ನೇ. ಜಠರದ ಹುಳಿ ಅನ್ನನಾಳಕ್ಕೆ ಬಂದು ಎದೆ ಉರಿಯುತ್ತದೆ. ಹೊಟ್ಟೆ ತುಂಬಾ ಉಂಡು ಮಲಗಿದರೆ, ಬಗ್ಗಿದರೆ ಹೆಚ್ಚುತ್ತದೆ. ಬಾಯಿಗೆ ಹುಳಿ ನೀರು ಬರುತ್ತದೆ. ರಂಝಾನಿನಲ್ಲಿ ಇಫ್ತಾರ್‌ಗೆ ಸಮೋಸ, ಪೋಡಿ ತಿಂದು, ತರಾವೀಹ್ ಮುಗಿಸಿ ಮತ್ತೆ ಬಿರಿಯಾನಿ ಉಂಡು, ಸಹರಿ ಆದ ಕೂಡಲೇ ಮಲಗಿದರೆ ಎದೆ ಉರಿಯದೆ ಇರುತ್ತದೆಯೇ? ಇದಕ್ಕೆ ಊಟದ ಕ್ರಮ ಬದಲಿಸುವುದೇ ಮೊದಲ ಔಷಧಿ.

ಪಿತ್ತಕೋಶದ ಕಲ್ಲು. ಜಿಡ್ಡಿನ ಊಟದ ನಂತರ ಹೊಟ್ಟೆಯ ಮೇಲ್ಭಾಗದ ಬಲಗಡೆ ನೋವು ಬಂದು ಬಲ ಭುಜಕ್ಕೆ ಹೋಗಬಹುದು. ಜ್ವರ ಅಥವಾ ಕಣ್ಣು ಹಳದಿಯಾಗುವುದು ಸೇರಿದರೆ ಅದೇ ದಿನ ತೋರಿಸಬೇಕು.

ಮಾಂಸಖಂಡ ಮತ್ತು ಪಕ್ಕೆಲುಬಿನ ನೋವು. ಭಾರ ಎತ್ತಿದ ಮೇಲೆ, ವಾರಗಟ್ಟಲೆ ಕೆಮ್ಮಿದ ಮೇಲೆ ಬರುತ್ತದೆ. ಒಂದು ಬೆರಳಿನಿಂದ ಜಾಗ ತೋರಿಸಬಹುದು. ಅಲ್ಲಿ ಒತ್ತಿದರೆ ನೋವು ಹೆಚ್ಚುತ್ತದೆ, ಕೈ ಎತ್ತಿದರೆ, ಹೊರಳಿದರೆ ಹೆಚ್ಚುತ್ತದೆ. ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ.

ಶ್ವಾಸಕೋಶದ ಸೋಂಕು. ಜ್ವರ, ಕೆಮ್ಮು, ಕಫದ ಜೊತೆ ಉಸಿರೆಳೆದಾಗ ಚುಚ್ಚುವ ನೋವು ಇದ್ದರೆ ನ್ಯುಮೋನಿಯಾ ಇರಬಹುದು. ಒಂದೆರಡು ದಿನದೊಳಗೆ ವೈದ್ಯರನ್ನು ಕಾಣಬೇಕು, ಏದುಸಿರು ಇದ್ದರೆ ಕೂಡಲೇ. ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು ಇದ್ದರೆ ಕ್ಷಯಕ್ಕಾಗಿ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ.

ಸರ್ಪಸುತ್ತು. ಎದೆಯ ಒಂದೇ ಬದಿಯಲ್ಲಿ ಪಟ್ಟಿಯಂತೆ ಉರಿ, ಕೆಲವು ದಿನದ ಮೇಲೆ ಅದೇ ಜಾಗದಲ್ಲಿ ಗುಳ್ಳೆಗಳು. ಗುಳ್ಳೆ ಕಂಡ ಮೂರು ದಿನದೊಳಗೆ ಔಷಧಿ ಶುರುಮಾಡಿದರೆ ಒಳ್ಳೆಯ ಪರಿಣಾಮ.

ಗಾಬರಿಯಿಂದ ಬರುವ ನೋವು. ಇದನ್ನು ಮಕ್ಕಳಿಗಾಗಿ ಹೇಳುತ್ತಿದ್ದೇನೆ. ಪರೀಕ್ಷೆಯ ಹಿಂದಿನ ರಾತ್ರಿ ಎದೆ ಡವಗುಟ್ಟಿ, ಉಸಿರು ಸಾಲದಂತಾಗಿ, ಬೆರಳು ಜುಮ್ಮೆಂದು, ಈಗಲೇ ಸಾಯುತ್ತೇನೆ ಅನ್ನಿಸುತ್ತದೆ. ಹತ್ತು ನಿಮಿಷದಲ್ಲಿ ಏರಿ ನಿಧಾನವಾಗಿ ಇಳಿಯುತ್ತದೆ. ಇದು ನಾಟಕವಲ್ಲ, ನಿಜವಾದ ತೊಂದರೆ. ಇದಕ್ಕೆ ಚಿಕಿತ್ಸೆ ಇದೆ. ಪೋಷಕರು ಬೈಯಬೇಡಿ, ಜಿನ್ನಿನ ಕಾಟ ಎಂದು ಊರೂರು ಅಲೆಸಬೇಡಿ. ಆದರೆ ನೆನಪಿಡಿ: ಇದು ಗಾಬರಿಯೇ ಎಂದು ಮೊದಲ ಸಲ ಹೇಳಬೇಕಾದವರು ಪರೀಕ್ಷಿಸಿ ನೋಡಿದ ವೈದ್ಯರು. ಓಡುವಾಗ, ಆಡುವಾಗ ಎದೆನೋವು ಬಂದು ಪ್ರಜ್ಞೆ ತಪ್ಪಿದ ಮಗುವನ್ನು ಮಾತ್ರ ಖಂಡಿತ ಹೃದಯದ ವೈದ್ಯರಿಗೆ ತೋರಿಸಿ.

ಮನೆಯಲ್ಲಿ ಗುರುತಿಸಬಹುದೇ?

ಇಷ್ಟೆಲ್ಲ ಕೇಳಿದ ಮೇಲೆ ‘ಹಾಗಾದರೆ ನಾವೇ ಗುರುತಿಸಬಹುದು’ ಎಂದು ನಿಮಗೆ ಅನ್ನಿಸಿರಬಹುದು. ಬಹಳ ಸಲ ಗುರುತಿಸಬಹುದು. ಆದರೆ ಒಂದು ಜಾಗದಲ್ಲಿ ನಾವು ವೈದ್ಯರೂ ಮೋಸಹೋಗುತ್ತೇವೆ. ಆಮ್ಲದ ಉರಿ ಮತ್ತು ಹೃದಯಾಘಾತ ಕೆಲವೊಮ್ಮೆ ಒಂದೇ ರೀತಿ ಇರುತ್ತವೆ. ಹೃದಯದ ಕೆಳಭಾಗಕ್ಕೆ ಆಘಾತವಾದಾಗ ಹೊಟ್ಟೆ ನೋವು, ತೇಗು, ವಾಂತಿಯೇ ಮುಖ್ಯವಾಗಿರಬಹುದು. ತೇಗು ಬಂದು ಹಗುರವಾಯಿತು, ಗ್ಯಾಸಿನ ಔಷಧಿ ಕುಡಿದಾಗ ಕಡಿಮೆಯಾಯಿತು ಎಂಬುದು ಹೃದಯ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಅದನ್ನು ಹೇಳಬೇಕಾದದ್ದು ಇಸಿಜಿ. ಎದೆನೋವಿನವರು ಆಸ್ಪತ್ರೆಯ ಬಾಗಿಲು ದಾಟಿದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ನಿಯಮ. ಆಗದಿದ್ದರೆ ಕೇಳಿ, ಅದು ನಿಮ್ಮ ಹಕ್ಕು. ಮೊದಲ ಇಸಿಜಿ ಸರಿಯಿದ್ದರೂ ಕೆಲವೊಮ್ಮೆ ಮತ್ತೆ ತೆಗೆಯಬೇಕಾಗುತ್ತದೆ. ಟ್ರೊಪೋನಿನ್ ಎಂಬ ರಕ್ತ ಪರೀಕ್ಷೆಯನ್ನು ಕೆಲವು ಗಂಟೆಯ ನಂತರ ಮತ್ತೆ ಮಾಡಬೇಕಾಗುತ್ತದೆ. ‘ಇಸಿಜಿ ನಾರ್ಮಲ್ ಬಂತಲ್ಲ, ಇನ್ನೂ ಯಾಕೆ ಕೂರಿಸಿದ್ದೀರಿ’ ಎಂದು ಜಗಳವಾಡಿ ಹೊರಟುಹೋಗಬೇಡಿ.

ಆಗ ಏನು ಮಾಡಬೇಕು?

ಎದೆಯ ನಡುವೆ ಒತ್ತಿದಂತಹ ನೋವು, ಬೆವರು, ಏದುಸಿರು ಇದ್ದರೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಯೋಚಿಸುತ್ತಾ ಕೂರಬೇಡಿ.

108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವುದು ತಡವಾಗುವಂತಿದ್ದರೆ ಪಕ್ಕದ ಮನೆಯವರ ಕಾರು ಕೇಳಿ. ಪಕ್ಕದವರು ಯಾವ ಧರ್ಮದವರೇ ಆಗಲಿ, ಇಂಥ ಹೊತ್ತಿನಲ್ಲಿ ಇಲ್ಲ ಎನ್ನುವವರನ್ನು ನಾನು ಈ ಊರಿನಲ್ಲಿ ಕಂಡಿಲ್ಲ. ನೋವಿರುವವರೇ ಬೈಕ್ ಓಡಿಸಿಕೊಂಡು ಬರಬಾರದು. ಬೈಕಿನ ಹಿಂದೆ ಕೂರಿಸಿಯೂ ತರಬೇಡಿ. ಮೆಟ್ಟಿಲು ಹತ್ತಿಸಬೇಡಿ, ನಡೆಸಬೇಡಿ.

ಅಲರ್ಜಿ, ಹೊಟ್ಟೆಯ ಹುಣ್ಣಿನಿಂದ ರಕ್ತಸ್ರಾವ ಇಂಥ ತೊಂದರೆ ಇಲ್ಲದಿದ್ದರೆ 300 ಅಥವಾ 325 ಮಿಲಿಗ್ರಾಂನ ಒಂದು ಆಸ್ಪಿರಿನ್ ಮಾತ್ರೆ ಅಗಿದು ನುಂಗಿಸಬಹುದು. 108ರವರನ್ನೋ ವೈದ್ಯರನ್ನೋ ಫೋನಿನಲ್ಲಿ ಕೇಳಿ ಕೊಡಿ. ಬೆನ್ನಿಗೆ ಸೀಳಿದಂತಹ ನೋವಿದ್ದರೆ ಕೊಡಬೇಡಿ. ಮಾತ್ರೆ ಹುಡುಕುತ್ತಾ ಹೊರಡುವುದನ್ನು ತಡಮಾಡಬೇಡಿ. ನಾಲಿಗೆ ಕೆಳಗೆ ಇಡುವ ಮಾತ್ರೆಯನ್ನು ವೈದ್ಯರು ಬರೆದುಕೊಟ್ಟವರು ಮಾತ್ರ ಬಳಸಬೇಕು, ಬೇರೆಯವರಿಗೆ ರಕ್ತದೊತ್ತಡ ಕುಸಿಯಬಹುದು. ಜೋರಾಗಿ ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶ ಸುಳ್ಳು. ದಯವಿಟ್ಟು ಅದನ್ನು ಮುಂದೆ ಕಳಿಸಬೇಡಿ.

ವ್ಯಕ್ತಿ ಪ್ರಜ್ಞೆ ತಪ್ಪಿ ಉಸಿರಾಡದಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ನಿಮಿಷಕ್ಕೆ 100ರಿಂದ 120 ಸಲ, ಎದೆ ಸುಮಾರು 5 ಸೆಂಟಿಮೀಟರ್ ಕೆಳಗೆ ಹೋಗುವಂತೆ ಒತ್ತಿ. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ.

ದುಡ್ಡಿನ ಮಾತು

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮವರನ್ನು ಮನೆಯಲ್ಲಿ ಕೂರಿಸುವುದು ಅಜ್ಞಾನವೊಂದೇ ಅಲ್ಲ, ಬಿಲ್ಲಿನ ಭಯ. ಆದ್ದರಿಂದ ಇಷ್ಟನ್ನು ಬರೆದಿಟ್ಟುಕೊಳ್ಳಿ. 108 ಆಂಬುಲೆನ್ಸ್ ಉಚಿತ. ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಅದನ್ನು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಈ ಚುಚ್ಚುಮದ್ದು ಮೊದಲ ಎರಡು ಮೂರು ಗಂಟೆಯಲ್ಲಿ ಸಿಕ್ಕರೆ ಹೆಚ್ಚು ಫಲ, 12 ಗಂಟೆ ದಾಟಿದರೆ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ರೇಷನ್ ಕಾರ್ಡ್, ಆಧಾರ್ ಕಾರ್ಡ್ ಎರಡನ್ನೂ ಒಂದು ಲಕೋಟೆಯಲ್ಲಿ ಹಾಕಿ ಕಪಾಟಿನ ಮೇಲೆ ಇಡಿ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಯಾವ ಸೌಲಭ್ಯ ಇದೆ ಎಂದು ಕಾಯಿಲೆ ಬರುವ ಮೊದಲೇ ಒಮ್ಮೆ ಹೋಗಿ ಕೇಳಿ ಬನ್ನಿ.

ಸ್ಟೆಂಟ್ ಹಾಕಿಸಿಕೊಂಡವರಿಗೆ ಒಂದು ಮಾತು. ‘ಈಗ ಆರಾಮ ಇದೆ’ ಎಂದು ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಿದರೆ ಸ್ಟೆಂಟ್ ಒಳಗೆ ಮತ್ತೆ ಹೆಪ್ಪುಗಟ್ಟಬಹುದು. ಖರ್ಚು ಹೆಚ್ಚಾಗುತ್ತಿದ್ದರೆ ವೈದ್ಯರಿಗೆ ಹೇಳಿ. ಜನೌಷಧಿ ಕೇಂದ್ರದಲ್ಲಿ ಅದೇ ಔಷಧಿ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ. ನಾಚಿಕೆಯಿಂದ ಸುಮ್ಮನೆ ನಿಲ್ಲಿಸಿಬಿಡಬೇಡಿ.

ದೀನ್ ಏನು ಹೇಳುತ್ತದೆ?

‘ಎಲ್ಲ ಅಲ್ಲಾಹನ ಇಚ್ಛೆ, ಬರುವುದು ಬರುತ್ತದೆ’ ಎಂದು ಕೆಲವರು ಹೇಳುತ್ತಾರೆ. ನಾನು ಆಲಿಮ್ ಅಲ್ಲ. ಉಸ್ತಾದರ ಮುಂದೆ ಸಂಕೋಚದಿಂದಲೇ ಒಂದು ಘಟನೆ ನೆನಪಿಸುತ್ತೇನೆ. ಅಬೂದಾವೂದ್ ಹದೀಸ್ ಸಂಗ್ರಹದಲ್ಲಿ ಅದು ಬರುತ್ತದೆ. ಹಜ್ರತ್ ಸಅದ್ (ರ) ಕಾಯಿಲೆ ಬಿದ್ದಾಗ ಪ್ರವಾದಿ (ಸ) ನೋಡಲು ಹೋದರು. ಅವರ ಎದೆಯ ಮೇಲೆ ಕೈ ಇಟ್ಟರು. ಹೃದಯದ ತೊಂದರೆ ಇದೆ ಎಂದು ತಿಳಿಸಿ, ಸಕೀಫ್ ಗೋತ್ರದ ಹಾರಿಸ್ ಬಿನ್ ಕಲದಾ ಎಂಬ ವೈದ್ಯರ ಬಳಿ ಹೋಗುವಂತೆ ಸೂಚಿಸಿದರು. ಅದೇ ವರದಿಯಲ್ಲಿ ಅಜ್ವಾ ಖರ್ಜೂರದ ಪ್ರಸ್ತಾಪವೂ ಇದೆ. ನಾವು ಖರ್ಜೂರವನ್ನು ನೆನಪಿಟ್ಟುಕೊಂಡೆವು, ವೈದ್ಯರ ಬಳಿ ಹೋಗಿ ಎಂದದ್ದನ್ನು ಮರೆತೆವು. ಪ್ರವಾದಿಯವರ (ಸ) ಕೈ ಎದೆಯ ಮೇಲಿದ್ದವರನ್ನೇ ವೈದ್ಯರ ಬಳಿ ಕಳಿಸಲಾಯಿತು ಎಂದ ಮೇಲೆ ನಾನು ನೀವು ಯಾರು, ಮನೆಯಲ್ಲಿ ಕೂರಲು?

ಉಪವಾಸದ ಹೊತ್ತಿನಲ್ಲಿ ಇಂಥ ನೋವು ಬಂದರೆ ಉಪವಾಸ ಬಿಟ್ಟು ಔಷಧಿ ತೆಗೆದುಕೊಳ್ಳಿ. ಕಾಯಿಲೆಯವರು ಬೇರೆ ದಿನಗಳಲ್ಲಿ ಪೂರೈಸುವ ರಿಯಾಯಿತಿ ಕುರ್‌ಆನಿನ ಅಲ್ ಬಕರಾ ಅಧ್ಯಾಯದಲ್ಲಿಯೇ ಇದೆ. ಹೃದಯದ ಕಾಯಿಲೆ ಇರುವವರು ರಂಝಾನಿಗೆ ಒಂದು ತಿಂಗಳು ಮೊದಲೇ ವೈದ್ಯರನ್ನು ಕಂಡು, ಉಪವಾಸ ಹಿಡಿಯಬಹುದೇ, ಮಾತ್ರೆಯ ಹೊತ್ತನ್ನು ಹೇಗೆ ಬದಲಿಸಬೇಕು ಎಂದು ಕೇಳಿಕೊಳ್ಳಿ.

ಬರದಂತೆ ತಡೆಯುವ ಮಾತು ದೊಡ್ಡದು. ಇಂದು ಸಮಯವಿಲ್ಲ. ಬೀಡಿ ಸಿಗರೇಟು ಬಿಡಿ. 30 ದಾಟಿದವರು ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ ನೋಡಿಸಿ. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಇಷ್ಟು ಮಾಡಿದರೂ ಬಹಳ.

ದಾನಿಗಳಲ್ಲಿ, ಮಕ್ಕಳಲ್ಲಿ ಒಂದು ವಿನಂತಿ

ದಾನಿಗಳೇ, ನೀವು ಕೊಟ್ಟ ಹಣ ಇಂದು ಒಂದು ಮಗುವಿನ ಕೈಗೆ ಬರುತ್ತದೆ. ಆ ಮಗುವಿನ ತಂದೆ ನಾಳೆ ಬಿದ್ದರೆ ಆ ಓದು ನಿಲ್ಲುತ್ತದೆ. ಆದ್ದರಿಂದ ಈ ಎರಡು ಕೆಲಸವನ್ನು ಬೇರೆ ಬೇರೆ ಎಂದು ನೋಡಬೇಡಿ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ಕೊಡಿಸಿ, ಅಲ್ಲಿ ತೆಗೆದ ಇಸಿಜಿಯನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ತಜ್ಞರು ಕೂಡಲೇ ನೋಡಿ ಹೇಳುವ ವ್ಯವಸ್ಥೆ ಕಟ್ಟಿದ್ದಾರೆ. ಯಂತ್ರಗಳು ಬಂದದ್ದು ದಾನಿಗಳಿಂದ. ನಮ್ಮ ಜಮಾಅತಿನ ಸುತ್ತಮುತ್ತ ಇಸಿಜಿ ಇಲ್ಲದ ಆರೋಗ್ಯ ಕೇಂದ್ರ ಯಾವುದಿದೆ ಎಂದು ಟ್ರಸ್ಟ್ ವಿಚಾರಿಸಲಿ. ಒಂದು ಯಂತ್ರ ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಸಾವಿರಾರು ಎದೆಗಳನ್ನು ನೋಡುತ್ತದೆ. ಸದಕತುಲ್ ಜಾರಿಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ಝಕಾತಿನ ಹಣ ಅರ್ಹ ವ್ಯಕ್ತಿಯ ಕೈಗೇ ಸೇರಬೇಕು ಎನ್ನುತ್ತಾರೆ. ಅದರಿಂದ ಬಡ ಹೃದ್ರೋಗಿಗಳ ತಿಂಗಳ ಮಾತ್ರೆಗೆ ನೆರವಾಗಬಹುದೇ, ಯಂತ್ರಕ್ಕೆ ಸದಕದ ಹಣವನ್ನೇ ಬಳಸಬೇಕೇ ಎಂಬುದನ್ನು ಉಲಮಾಗಳನ್ನು ಕೇಳಿ ತೀರ್ಮಾನಿಸಿ.

ಮಕ್ಕಳೇ, ಕೊನೆಯ ಮಾತು ನಿಮಗೆ. ನಿಮ್ಮಲ್ಲಿ ಅನೇಕರು ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರು. ರಾತ್ರಿ ಒಂದೂವರೆಗೆ ತಂದೆ ಎದೆ ಹಿಡಿದುಕೊಂಡು ‘ಏನಿಲ್ಲ, ಗ್ಯಾಸ್’ ಎಂದಾಗ ಅದನ್ನು ನಂಬದೆ ಇರಬೇಕಾದವರು ನೀವು. ಅವರು ಬೈಯುತ್ತಾರೆ. ‘ನಿನ್ನ ಫೀಸಿನ ದುಡ್ಡು’ ಎನ್ನುತ್ತಾರೆ. ಬೈಯಿಸಿಕೊಂಡೇ 108 ಒತ್ತಿ. ಆಸ್ಪತ್ರೆಗೆ ಬಂದು ಇಸಿಜಿ ತೆಗೆದಾಗ ನಿಜವಾಗಿಯೂ ಗ್ಯಾಸೇ ಆಗಿದ್ದರೆ ಯಾರೂ ನಿಮ್ಮನ್ನು ನೋಡಿ ನಗುವುದಿಲ್ಲ. ನಾನು ಡ್ಯೂಟಿಯಲ್ಲಿದ್ದರೆ ನಿಮ್ಮ ಬೆನ್ನು ತಟ್ಟಿ, ಒಂದು ಗ್ಯಾಸಿನ ಮಾತ್ರೆ ಕೊಟ್ಟು, ಸಂತೋಷದಿಂದ ಮನೆಗೆ ಕಳಿಸುತ್ತೇನೆ. ಅಂಥ ಸಂತೋಷ ನಮಗೆ ಅಪರೂಪಕ್ಕೆ ಸಿಗುತ್ತದೆ.

ಅಲ್ಲಾಹನು ನಿಮ್ಮ ತಂದೆ ತಾಯಂದಿರಿಗೆ ಆರೋಗ್ಯವನ್ನು, ನಿಮಗೆ ಪ್ರಯೋಜನಕಾರಿ ವಿದ್ಯೆಯನ್ನು, ದಾನಿಗಳ ಸಂಪತ್ತಿನಲ್ಲಿ ಬರಕತ್ತನ್ನು ಕರುಣಿಸಲಿ. ಆಮೀನ್.